ಜೀತಮುಕ್ತ, ಮೊಹರು ಸಹಿತ

ಪೀಣ್ಯದ ಸಣ್ಣ ಗಾರ್ಮೆಂಟ್ಸ್ ಮಾಲೀಕರೊಬ್ಬರು ಕಳೆದ ವಾರ ಜೀತ ಪದ್ಧತಿಯನ್ನು ನಿರ್ಮೂಲನ ಮಾಡಿದರು. ಊಟಕ್ಕೆ ಏಳುವ ಮುಂಚೆ, ನೀಲಿ ಶಾಯಿಯಲ್ಲಿ. ಅವರಿಗೆ ಜಾಬ್ ವರ್ಕ್ ಕೊಡುವ ರಫ್ತುದಾರರಿಂದ ಆರು ಪುಟದ ಫಾರಂ ಬಂದಿತ್ತು. ‘ಯಾರನ್ನಾದರೂ ಬಲವಂತವಾಗಿ ದುಡಿಸಿಕೊಳ್ಳುತ್ತಿದ್ದೀರಾ?’ ಇಲ್ಲ. ‘ಸಾಲಕ್ಕೆ ಪ್ರತಿಯಾಗಿ?’ ಇಲ್ಲ. ‘ನಿಮಗೆ ಸರಕು ಒದಗಿಸುವವರ ಬಳಿ ಅಂಥವರಿದ್ದಾರೆಯೇ?’ ಇಲ್ಲ. ‘ಇದನ್ನು ನೀವು ಪರಿಶೀಲಿಸಿದ್ದೀರಾ?’ ಕೈ ಓಡುತ್ತಿದ್ದ ರಭಸಕ್ಕೆ ಇದಕ್ಕೂ ‘ಇಲ್ಲ’ ಎಂದೇ ಟಿಕ್ ಬಿತ್ತು. ಮೊಹರು ಸರಿಯಾಗಿ ಬಿದ್ದಿದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಫಾರಂನ ತವರುಮನೆ ಲಂಡನ್. ಆಧುನಿಕ ಗುಲಾಮಗಿರಿಯ ವಿರುದ್ಧ ಬ್ರಿಟನ್ 2015ರಲ್ಲಿ ಕಾನೂನು ಮಾಡಿತು. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಕಂಪನಿಗಳು, ತಮ್ಮಲ್ಲೂ ತಮ್ಮ ಸರಬರಾಜುದಾರರಲ್ಲೂ ಗುಲಾಮಗಿರಿ ತಡೆಯಲು ಏನೇನು ಮಾಡಿದೆವೆಂದು ವರ್ಷಕ್ಕೊಮ್ಮೆ ಹೇಳಿಕೆ ಕೊಡಬೇಕು. ಏನೂ ಮಾಡಿರದಿದ್ದರೆ? ‘ಏನೂ ಮಾಡಿಲ್ಲ’ ಎಂದು ಬರೆದುಕೊಟ್ಟರೂ ಆ ಕಾನೂನಿನಲ್ಲಿ ನಡೆಯುತ್ತದೆ. ಇಷ್ಟು ಉದಾರವಾದ ಪರೀಕ್ಷೆ ನಮ್ಮ ಎಸ್ಸೆಸ್ಸೆಲ್ಸಿ ಮಂಡಳಿಗೂ ಹೊಳೆದಿಲ್ಲ. ಸಣ್ಣ ಉದ್ಯಮಿಯನ್ನು ಈ ಕಾನೂನು ಮುಟ್ಟುವುದಿಲ್ಲ. ಆದರೆ ದೊಡ್ಡವರ ಮೇಜಿಗೆ ಬಂದ ಕಾಗದ ಅಲ್ಲೇ ಉಳಿಯುವುದುಂಟೆ? ಬ್ರ್ಯಾಂಡಿನವರು ರಫ್ತುದಾರರಿಗೆ ದಾಟಿಸಿದರು, ರಫ್ತುದಾರರು ಪೀಣ್ಯಕ್ಕೆ ದಾಟಿಸಿದರು. ಮಾಲೀಕರು ಜೆರಾಕ್ಸ್ ತೆಗೆಸಿ ಕಟ್ಟಡದ ಮೇಸ್ತ್ರಿಗೆ ಕೊಟ್ಟರು. ಮೇಸ್ತ್ರಿ ಅದರಲ್ಲಿ ಬೋಂಡಾ ಕಟ್ಟಿಸಿಕೊಂಡು ಹೋದ.

ಹಾಗೆ ನೋಡಿದರೆ ನಮಗೆ ಲಂಡನ್ನಿನ ಪಾಠ ಬೇಕಿರಲಿಲ್ಲ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ಜೀತ ಪದ್ಧತಿ ರದ್ದತಿ ಕಾಯಿದೆ 1976ರಷ್ಟು ಹಳೆಯದು. ಅದರ ಪ್ರಕಾರ ಜೀತದ ಸಾಲವನ್ನು ತೀರಿಸುವ ಪ್ರಶ್ನೆಯೇ ಇಲ್ಲ, ಸಾಲವೇ ರದ್ದು. ‘ಇದು ಜೀತದ ಸಾಲ’ ಎಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದು ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಸಜೆ, 2,000 ರೂಪಾಯಿವರೆಗೆ ದಂಡ. ಈಗ ಆ ದುಡ್ಡಿಗೆ ಸಾವಿರ ಇಟ್ಟಿಗೆಯೂ ಬರುವುದಿಲ್ಲ.

ಇಟ್ಟಿಗೆಯ ಮಾತು ಬಂತು. ನಮ್ಮ ಮಾಲೀಕರು ಹೊಸ ಶೆಡ್ ಎಬ್ಬಿಸುತ್ತಿದ್ದಾರೆ. ಇಟ್ಟಿಗೆ ಬರುವುದು ಊರಾಚೆಯ ಗೂಡಿನಿಂದ, ಅಲ್ಲಿ ಮಣ್ಣು ತುಳಿಯುವವರು ಬರುವುದು ಒಡಿಶಾದ ಬಲಾಂಗೀರ್ ಸೀಮೆಯಿಂದ. ಆ ಕಡೆ ನುವಾಖಾಯಿ ಹಬ್ಬ ಮುಗಿಯುತ್ತಲೇ ದಲ್ಲಾಳಿ ಬಂದು ಮುಂಗಡ ಎಣಿಸುತ್ತಾನೆ. ಎಣಿಸುವುದು ತಲೆಗೆ ಇಷ್ಟೆಂದಲ್ಲ. ಗಂಡ, ಹೆಂಡತಿ, ಒಂದು ಮಗು ಸೇರಿದರೆ ಒಂದು ‘ಪಥುರಿಯಾ’. ಹೆಂಡತಿ ಮಣ್ಣು ಹದಮಾಡಿ ಉಂಡೆ ಕಟ್ಟಿಕೊಡುತ್ತಾಳೆ, ಗಂಡ ಅಚ್ಚಿಗೆ ಬಡಿಯುತ್ತಾನೆ. ಬಿಸಿಲಿಗೆ ಹರವಿದ ಹಸಿ ಇಟ್ಟಿಗೆಗಳ ಮೇಲೆ ನಡೆದು ಅವನ್ನು ಮಗುಚಿಹಾಕುವುದು ಮಗುವಿನ ಪಾಲು. ಮೈ ಹಗುರ ನೋಡಿ, ಇಟ್ಟಿಗೆ ಮುಕ್ಕಾಗುವುದಿಲ್ಲ. ಪುಸ್ತಕದಲ್ಲಿ ಮಾತ್ರ ಗಂಡನದೊಂದೇ ಹೆಸರು. ವಾರಕ್ಕೊಮ್ಮೆ ಸಂತೆ ಖರ್ಚಿಗೆ ಚೂರುಪಾರು ಸಿಗುತ್ತದೆ, ಉಳಿದದ್ದು ಮುಂಗಡಕ್ಕೆ ವಜಾ. ಮಳೆಗೆ ಕರಗಿದ ಇಟ್ಟಿಗೆ ಲೆಕ್ಕಕ್ಕಿಲ್ಲ. ಊರಲ್ಲಿ ಸಾವಾದರೆ ಹೋಗಿಬರಬಹುದು, ಹೆಂಡತಿ ಮಕ್ಕಳನ್ನು ಗೂಡಿನಲ್ಲೇ ಬಿಟ್ಟು.

“ಅವರನ್ನೇನು ಕಟ್ಟಿಹಾಕಿದ್ದೀವಾ ಸ್ವಾಮಿ? ಗುಡಿಸಲಿಗೆ ಬಾಗಿಲೇ ಇಲ್ಲ” ಎನ್ನುತ್ತಾನೆ ಗೂಡಿನ ಯಜಮಾನ. “ನಾನು ತಗೊಳ್ಳೋದು ಇಟ್ಟಿಗೆ ಸಾರ್, ಆಳಲ್ಲ” ಎನ್ನುತ್ತಾರೆ ನಮ್ಮ ಮಾಲೀಕರು. ನಿಜ. ಅವರು ತಗೊಂಡದ್ದು ಇಟ್ಟಿಗೆಯನ್ನೇ, ಒಂದಕ್ಕೆ ಒಂದು ರೂಪಾಯಿ ಚೌಕಾಸಿ ಮಾಡಿ. ಪಾಪ, ಅದೇ ವಾರ ರಫ್ತುದಾರರು ಅವರ ಪೀಸ್ ರೇಟಿನಲ್ಲಿ ಎರಡು ರೂಪಾಯಿ ಕತ್ತರಿಸಿದ್ದರು. ರಫ್ತುದಾರರಿಗೆ ಲಂಡನ್ನಿನವರು ಇನ್ನಷ್ಟು ಕತ್ತರಿಸಿದ್ದರು. ಕಡಿತವನ್ನು ಎಲ್ಲರೂ ತಮ್ಮ ಕೆಳಗಿನವರಿಗೆ ದಾಟಿಸಿದರು. ಕೆಳಗೆ ಯಾರೂ ಇಲ್ಲದ ಆ ತಾಯಿ ಮಗುವನ್ನು ಇನ್ನೊಂದು ಗಂಟೆ ಮೊದಲೇ ಎಬ್ಬಿಸಿದಳು.

ಮೇಲಿನವರ ಕೈಯಲ್ಲಿ ಏನೂ ಇಲ್ಲ ಎನ್ನುವ ಹಾಗಿಲ್ಲ. ಕರ್ನಾಟಕದ ಅನೇಕ ಗಾರ್ಮೆಂಟ್ಸ್‌ನವರು 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ 417 ರೂಪಾಯಿ ಚಿಲ್ಲರೆಯನ್ನು, ಹಿಡಿದಿಟ್ಟುಕೊಂಡಿದ್ದರು. ಹೈಕೋರ್ಟ್ ಹೇಳಿದ ಮೇಲೂ ಮುಷ್ಟಿ ಸಡಿಲಲಿಲ್ಲ. ಕಡೆಗೆ ವಿದೇಶಿ ಬ್ರ್ಯಾಂಡುಗಳು ಕಣ್ಣು ಕೆಂಪಗೆ ಮಾಡಿದಾಗ 2022ರಲ್ಲಿ ಬಾಕಿ ಬಟವಾಡೆ ಶುರುವಾಯಿತು. ಸರಕು ಕೊಳ್ಳುವವನು ಗದರಿದರೆ ಕೆಲಸ ಆಗುತ್ತದೆ. ಅವನು ಗದರುವುದು ಸಾಮಾನ್ಯವಾಗಿ ದರ ಇಳಿಸುವಾಗ ಮಾತ್ರ.

ಆದ್ದರಿಂದ ಆರು ಪುಟದ ಫಾರಂಗೆ ಏಳನೆಯದೊಂದು ಸೇರಲಿ. ಅದನ್ನು ಮಾರುವವನು ಕಳಿಸಬೇಕು, ಕೊಳ್ಳುವವನು ತುಂಬಬೇಕು. ಪ್ರಶ್ನೆ ಒಂದೇ: ‘ನೀವು ಕೊಡುವ ದರದಲ್ಲಿ ಕಟ್ಟಕಡೆಯ ಕೂಲಿಗೆ ಕನಿಷ್ಠ ವೇತನ ಗಿಟ್ಟುತ್ತದೆಯೇ? ಲೆಕ್ಕ ತೋರಿಸಿ.’

ಈ ಉಪಾಯವನ್ನು ಪೀಣ್ಯದ ಮಾಲೀಕರ ಕಿವಿಗೆ ಹಾಕಿದೆ. ಬಲು ಖುಷಿಯಾದರು. ರಫ್ತುದಾರರಿಗೆ ನಾಳೆಯೇ ಕಳಿಸುತ್ತಾರಂತೆ. ಗೂಡಿನವನು ಇಂಥದೇ ಒಂದನ್ನು ತಮಗೆ ಕಳಿಸಿದರೆ, ಬೇರೆ ಗೂಡು ನೋಡಿಕೊಳ್ಳುತ್ತಾರಂತೆ.