ಬನದ ಹುಣ್ಣಿವಿ ಬಂತು, ಹಿಂದಿನ ಬ್ರೇಕ್ ನೋಡ್ರಿ

ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾರುತಿ 800 ಹಂಪ್ ಇಳಿಯೂಮುಂದ ಹಿಂದಿನಿಂದ ‘ಕಟಕ್’ ಅಂತೈತಲ್ಲ, ಅದು ನಮ್ಮ ಹಿತ್ತಲಕ್ಕ ಕೇಳತೈತಿ. ಹಳೇ ಗಾಡಿ, ಸಪ್ಪಳ ಬರೂದ ಅಂತೀರಿ. ಹಂಗ ಬಿಡೂ ಮಾತಲ್ರಿ ಇದು. ಕಂಪನಿಯವ್ರು 800 ಮಾಡೂದ ನಿಲ್ಲಿಸಿದ್ದ 2014ರಾಗ. ಅಂದ್ರ ಊರಾಗ ಇರೂ ಎಲ್ಲಾ 800ಕ್ಕೂ ಹತ್ತ ವರ್ಷದ ಮ್ಯಾಲಾತು. ಸವದತ್ತಿ ಬಜಾರಕ್ಕ ಹೋಗಿ ಬರತೈತಿ ಅಷ್ಟ, ಕಿಲೋಮೀಟರ್ ಎಲ್ಲಿ ಓಡೇತಿ ಅಂತ ಅನ್ನಬ್ಯಾಡ್ರಿ. ರಬ್ಬರಿಗೆ ಕಿಲೋಮೀಟರಿನಕಿಂತ ಬಿಸಲು, ವಯಸ್ಸು ಜಾಸ್ತಿ ಕಾಡತಾವ. ನಿಂತ ಗಾಡೀದೂ ಬುಶ್ ಸೀಳತಾವ.

ಮತ್ತ ನಮ್ಮ ಊರ ಇರೂದ ಎಲ್ಲಿ ಹೇಳ್ರಿ? ಯಲ್ಲಮ್ಮನ ಗುಡ್ಡದ ಬುಡಕ್ಕ. ಬನದ ಹುಣ್ಣಿವಿ, ಭಾರತ ಹುಣ್ಣಿವಿ ಬಂತಂದ್ರ ಚಕ್ಕಡಿ, ಕ್ರೂಸರ್, ಟ್ರ್ಯಾಕ್ಟರ್ ಎಲ್ಲಾ ಒಂದರ ಹಿಂದ ಒಂದು ಏರಿನ್ಯಾಗ ನಿಂತಬಿಡತಾವ. ಅಲ್ಲಿ ಗಾಡಿ ಹಿಂದ ಸರೀಲಾರದಂಗ ಹಿಡಿಯೂದು ಹ್ಯಾಂಡ್‌ಬ್ರೇಕ್, ಅದರ ಕೇಬಲ್ ಹೋಗಿ ಕೂಡೂದು ಹಿಂದಿನ ಡ್ರಮ್ಮಿನ ಶೂಕ್ಕ. ಬ್ರೇಕ್ ಒತ್ತಿದಾಗ ಗಾಡಿ ಭಾರ ಮುಂದ ವಾಲತೈತಿ, ಹಿಂಗಾಗಿ ಮುಂದಿನ ಬ್ರೇಕ್ ಲಗೂ ಸವಿತಾವ, ಮಿಸ್ತ್ರಿನೂ ಅವನ್ನ ನೋಡತಾನ. ಹಿಂದಿನ ಲೈನರ್ ನಿಧಾನ ಸವಿತಾವಂತ ಡ್ರಮ್ ಬಿಚ್ಚಿ ನೋಡಾವರ ಇಲ್ಲ. ಜಾತ್ರಿಗೆ ಹೊಂಡೂಮುಂದ ಚಕ್ಕಡಿಗೆ ಕೀಲೆಣ್ಣಿ ಹಾಕದ ಹೋಗಾವ್ರನ್ನ ನಾ ಕಂಡಿಲ್ಲ. ಕಾರಿಗೂ ಅಷ್ಟ ಕಾಳಜಿ ಬೇಕೋ ಬ್ಯಾಡೋ? ಕಾಕು ಪಡ್ಲಗಿ ತುಂಬಾಕ ಹೋಗೂದು ಅದರಾಗ ಕುಂತ ಅಲ್ಲೇನು?

ಹ್ಯಾಂಡ್‌ಬ್ರೇಕ್ ಮೊದಲಿನಕಿಂತ ಮ್ಯಾಲ ಮ್ಯಾಲ ಏರಾಕ ಹತ್ತಿದ್ರ ಲೈನರ್ ಸವದಾವ, ಇಲ್ಲಾ ಕೇಬಲ್ ಜಗ್ಗೇತಿ ಅಂತ ತಿಳೀರಿ. ಡ್ರಮ್ ತಗಿಯೂಮುಂದ ಹ್ಯಾಂಡ್‌ಬ್ರೇಕ್ ಬಿಡಬೇಕಾಗತೈತಿ, ಅದಕ್ಕ ಮುಂದಿನ ಗಾಲಿಗೆ ಎರಡೂ ಕಡೆ ಗಟ್ಟಿ ಕಲ್ಲು ಕೊಡ್ರಿ. ಬರೇ ಜಾಕ್ ನಂಬಿ ತೆಳಗ ಕೈ ಹಾಕಬ್ಯಾಡ್ರಿ. ಇಟ್ಟಂಗಿ, ಟೊಳ್ಳ ಸಿಮೆಂಟ್ ಬ್ಲಾಕ್ ಅಂತೂ ಒಮ್ಮಿಂದೊಮ್ಮೆಲೆ ಪುಡಿ ಆಗತಾವ; ಸ್ಟ್ಯಾಂಡ ಬೇಕು. ಮಳಿಗಾಲದಾಗ ಹೊಲದ ಹಾದ್ಯಾಗ ತಿರಗಿದ ಗಾಡಿ ಇದ್ರ ಒಳಗ ಎರಿಮಣ್ಣ ಗಟ್ಟಿಗಟ್ಟಿ ಕುಂತಿರತೈತಿ. ಅದನ್ನ ಬಾಯಿಲೆ ಊದಬ್ಯಾಡ್ರಿ, ಹವಾನೂ ಹೊಡಿಬ್ಯಾಡ್ರಿ. ಹಳೇ ಲೈನರ್‌ದಾಗ ಆಸ್ಬೆಸ್ಟಾಸ್ ಇರತಿತ್ತು, ಎದಿಯೊಳಗ ಹೋದ್ರ ಹೊರಗ ಬರೂದಲ್ಲ. ಹಸಿ ಅರಬಿಲೆ ಒರಸ್ರಿ.

ಆಮ್ಯಾಲ ಮ್ಯಾಲ ಕುಂತಿರೂ ಬಟ್ಟ ಗಾತ್ರದ ವೀಲ್ ಸಿಲಿಂಡರ್ ನೋಡ್ರಿ. ಎರಡೂ ತುದಿಗೆ ಸಣ್ಣ ರಬ್ಬರ್ ಟೊಪ್ಪಿಗಿ ಇರತಾವ. ಸ್ಕ್ರೂಡ್ರೈವರ್ ತುದೀಲೆ ಅದರ ಅಂಚು ಸವಕಾಶ ಎತ್ತಿದ್ರ, ಬರೇ ಸ್ವಲ್ಪ ತೇವ ಇದ್ರ ನಡೀತೈತಿ. ಎಣ್ಣಿ ಹನಿಯಾಗಿ ಇಳದ್ರ ಒಳಗಿನ ಸೀಲ್ ಹೋತು. ಲೈನರ್ ಬ್ರೇಕ್ ಎಣ್ಣಿ ಕುಡದಿತ್ತಂದ್ರ ಪೆಟ್ರೋಲ್‌ಲೆ ತೊಳದ್ರೂ ಉಪಯೋಗಿಲ್ಲ, ಎರಡೂ ಗಾಲಿದು ಕೂಡೇ ಬದಲಿ ಮಾಡಬೇಕು. ಹಂಗಂತ ಎರಡೂ ಕಡೆ ಒಮ್ಮೆ ಬಿಚ್ಚಬ್ಯಾಡ್ರಿ. ಯಾವ ಸ್ಪ್ರಿಂಗ್ ಯಾವ ತೂತಿನಾಗ ಅಂತ ನೋಡಾಕ ಒಂದ ಕಡೆ ಜೋಡಿಸಿದ್ದ ಇರಲಿ. ಡ್ರಮ್ ತಗದಾಗ ಹುಡುಗೂರು ಒಳಗ ಕುಂತ ಪೆಡಲ್ ತುಳಿದ್ರ ಪಿಸ್ಟನ್ ಹೊರಗ ಹಾರತೈತಿ, ಅದಕ್ಕ ಬಾಗಿಲ ಹಾಕಿ ಕೀಲಿ ಕಿಸೇದಾಗ ಇಟಗೋರಿ.

ಬ್ರೇಕ್ ಎಣ್ಣಿ ಗಾಳ್ಯಾಗಿನ ನೀರ ಹೀರಕೋತೈತಿ ಕಾಕಾ. ಹೊಸಾ ಡಾಟ್ 3 ಎಣ್ಣಿ ಕುದಿಬೇಕಂದ್ರ ಕಡಿಮಿ ಅಂದ್ರೂ 205 ಡಿಗ್ರಿ ಬೇಕು. ನೀರ ಕುಡದ ಎಣ್ಣಿಗೆ ಆ ಮಿತಿ 140ಕ್ಕ ಇಳೀತೈತಿ. ಗುಡ್ಡ ಇಳಿಯೂಮುಂದ ಬ್ರೇಕ್ ತುಳದ ತುಳದ ಕಾಸಿದ್ರ ಎಣ್ಣ್ಯಾಗ ಆವಿ ಎದ್ದು ಪೆಡಲ್ ಮೆತ್ತಗಾಗಿ ತೆಳಗ ಹೋಗತೈತಿ. ಎರಡ ವರ್ಷಕ್ಕೊಮ್ಮೆ ಬದಲಿ ಮಾಡ್ರಿ, ಇಳಕಲಿನ್ಯಾಗ ಎರಡನೇ ಗೇರಿನ್ಯಾಗ ಇಳೀರಿ. ಎಂಜಿನ್ ಎಣ್ಣಿ ಮಾತ್ರ ಬ್ರೇಕ್ ಎಣ್ಣಿ ಡಬ್ಬ್ಯಾಗ ಒಂದ ಹನಿನೂ ಬೀಳಬಾರದು, ರಬ್ಬರ್ ಎಲ್ಲಾ ಉಬ್ಬಿ ಹೋಗತಾವ.

ಇನ್ನ ಆ ‘ಕಟಕ್’. ಶಾಕಬ್ಸರ್ ಮೈಮ್ಯಾಲ ಎಣ್ಣಿ ಇಳದು ಧೂಳ ಮೆತ್ತಿದ್ರ ಅದರ ಆಯುಷ್ಯ ಮುಗದೈತಿ. ಅದು ಒಣಗಿದ್ರ ಅಕ್ಸಲ್ ಹಿಡಿಯೂ ಪಟ್ಟಿಗಳ ಬುಶ್ ನೋಡ್ರಿ, ಸಬ್ಬಲ್‌ಲೆ ಸ್ವಲ್ಪ ಮೀಟಿದ್ರ ಸೀಳು ಬಾಯಿ ಬಿಡತೈತಿ. ಹೊಸಾ ಬುಶ್ ಹಾಕಿದ ಮ್ಯಾಲ ಗಾಡಿ ಜಾಕ್ ಮ್ಯಾಲ ಇದ್ದಾಗನ ನಟ್ ಪೂರ್ತಿ ಬಿಗಿ ಮಾಡಿಬಿಡತಾರ. ಗಾಲಿ ಜೋತಬಿದ್ದಾಗ ಬಿಗದ ರಬ್ಬರ್ ಗಾಡಿ ಇಳಿಸಿದ ಕೂಡ್ಲೆ ತಿರಿಚಿಕೊಂಡ ಕುಂದರತೈತಿ, ತಿಂಗಳಾನಗಟ್ಲೆ ಹಂಗ ಇದ್ದು ಸೀಳತೈತಿ. ಗಾಲಿ ನೆಲಕ್ಕ ಕುಂತು ಗಾಡಿ ತನ್ನ ಭಾರದ ಮ್ಯಾಲ ನಿಂತಾಗ ಕಡೀ ಬಿಗಿ ಕೊಡಬೇಕು. ಮಾಲ್ ಚಲೋ ಇರಲಿಲ್ಲ ಅಂತ ಅಂಗಡಿಯವನ್ನ ಬೈಯೂದು ಎಷ್ಟೋ ಸಲ ಈ ಒಂದ ಪಾನಾ ಕೆಲಸಕ್ಕ.

ಐತವಾರ ಮುಂಜಾನೆ ಬಿಸಲೇರೂದ್ರೊಳಗ ಗಾಡಿ ನಮ್ಮ ಸಪಾಟ ಅಂಗಳಕ್ಕ ತರ್ರಿ. ಸ್ಟ್ಯಾಂಡ, ಪಾನಾ ನನ್ನ ಕಡೆ ಅದಾವ. ಗಾಲಿ ಬೋಲ್ಟ್ ಮಾತ್ರ ಗಾಡಿ ಎತ್ತೂಕಿಂತ ಮೊದಲ ಸಡಿಲ ಮಾಡೂಣು. ಸಿಲಿಂಡರ್ ಸೋರತಿದ್ರ ಗಾಡಿ ಅಲ್ಲೇ ನಿಲ್ಲಿಸಿ ಮಿಸ್ತ್ರಿನ್ನ ಮನೀಗೆ ಕರಸೂಣು, ಓಡಿಸ್ಕೊಂಡ ಸವದತ್ತಿಗೆ ಒಯ್ಯೂದ ಬ್ಯಾಡ.