ಅರ್ಥ ಕೇಳಬೇಡಿ, ಟೀ ಆರುತ್ತೆ

ತಿರುಮಕೂಡಲು ನರಸೀಪುರದಲ್ಲಿ ಮೂರು ನದಿ ಸೇರುತ್ತವೆ ಅಂತ ಪ್ರತೀತಿ. ಹೋಗಿ ಎಣಿಸಿದರೆ ಎರಡೇ: ಕಾವೇರಿ, ಕಪಿಲೆ. ಮೂರನೆಯದೆಲ್ಲಿ ಸ್ವಾಮಿ ಅಂದರೆ, 'ಸ್ಫಟಿಕ ಸರೋವರ, ಗುಪ್ತಗಾಮಿನಿ' ಅನ್ನುತ್ತಾರೆ. ಕಣ್ಣಿಗೆ ಕಾಣದ ಆ ಮೂರನೆಯದನ್ನೂ ಲೆಕ್ಕಕ್ಕೆ ಹಿಡಿದೇ 1989ರಲ್ಲಿ ಅಲ್ಲಿ ಕುಂಭಮೇಳ ಶುರುವಾಯಿತು. ಜನ ಆ ನದಿಯಲ್ಲೂ ಮುಳುಗಿ, ಒದ್ದೆಯಾಗಿಯೇ ಎದ್ದು ಬರುತ್ತಾರೆ. ಅಂಥ ನರಸೀಪುರದಲ್ಲಿ ಹುಟ್ಟಿ, ನಂಜನಗೂಡಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು ನಮ್ಮ ಮೇಷ್ಟ್ರು. ಯಾವ ಹಾಡು ಕೊಟ್ಟರೂ ಅದರಲ್ಲೊಂದು ಮೂರನೆಯ ನದಿ ಹರಿಸದೆ ಬಿಡುವವರಲ್ಲ.

ಗ್ರಹಚಾರ ನೋಡಿ, ನನ್ನ ಅಕ್ಕನ ಮಗ ಬೆಂಗಳೂರಿನಿಂದ ಗಿಟಾರು ಹೊತ್ತುಕೊಂಡು ಬಂದಿದ್ದ. ಕಪಿಲೆಯ ಸ್ನಾನಘಟ್ಟದ ಹತ್ತಿರ ನಾವು ದಿನಾ ಕೂರುವ ಟೀ ಅಂಗಡಿಗೆ ಅವನೂ ಬಂದ. ಅಂಗಡಿಯವನ ಸ್ಪೀಕರಿನಲ್ಲಿ ಆವತ್ತು ರಘು ದೀಕ್ಷಿತರು ಶಿಶುನಾಳ ಶರೀಫರ ಗುಡುಗುಡಿ ಪದ ಹಾಡುತ್ತಿದ್ದರು.

"ಮಾವ, ಇದು ಗಾಂಜಾ ಸಾಂಗ್ ಅಲ್ವಾ? ನಮ್ ಹಾಸ್ಟೆಲಲ್ಲಿ ಎಲ್ಲಾರೂ ಹಾಗೇ ಅಂದ್ಕೊಂಡಿದ್ವಿ."

ಮೇಷ್ಟ್ರ ಕೈಯಲ್ಲಿದ್ದ ಗಾಜಿನ ಲೋಟ ಅರ್ಧ ದಾರಿಯಲ್ಲೇ ನಿಂತಿತು. "ಅಯ್ಯೋ ಮಗುವೇ, ಅದು ಹೊಗೆ ಅಲ್ಲ, ಯೋಗ!" ಅಂದರು.

ಹುಡುಗನದೂ ತಪ್ಪಿಲ್ಲ ಬಿಡಿ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ರಘು ದೀಕ್ಷಿತರು ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಗೆದ್ದು, ಭರತನಾಟ್ಯವನ್ನೂ ಕಲಿತು, ಕೊನೆಗೆ ಗಿಟಾರು ಹಿಡಿದವರು. 2008ರಲ್ಲಿ 'ಅಂತರಾಗ್ನಿ' ಆಲ್ಬಮ್ಮಿನಲ್ಲಿ ಈ ಪದಕ್ಕೆ ಡ್ರಮ್ಮು, ಪಿಟೀಲು ಕಟ್ಟಿ ಬಿಟ್ಟರು. ಹುಡುಗರು ಕುಣಿದರು. ಕುಣಿಯುವವನ ಕಿವಿಗೆ ಮೊದಲನೇ ಸಾಲಿನ ಗುಡುಗುಡಿ ಬೀಳುತ್ತದೆಯೇ ಹೊರತು, ಮುಂದೆ ಮನಸ್ಸೇ ಸಂಚಿ, ಮೋಹವೇ ಭಂಗಿ ಅಂತ ಶರೀಫರು ತಾವೇ ಗಂಟು ಬಿಚ್ಚಿಟ್ಟಿರುವುದು ಎಲ್ಲಿ ಬೀಳಬೇಕು? ಅದೇ ಆಲ್ಬಮ್ಮಿನಲ್ಲಿ ಸೋರುವ ಮಾಳಿಗೆಯ ಪದವೂ ಇದೆ. ಮೇಷ್ಟ್ರು ಅದನ್ನು ದೇಹ ಅನ್ನುತ್ತಾರೆ. ಹೋದ ವರ್ಷ ಹೊಸ ಮನೆ ಕಟ್ಟಿಸಿದ ನಮ್ಮ ಪಕ್ಕದ ಮನೆಯವರು ಅದನ್ನು ಕೇಳಿದಾಗಲೆಲ್ಲ ಕಂಟ್ರಾಕ್ಟರನ್ನು ನೆನೆಯುತ್ತಾರೆ. ಅವರ ಅರ್ಥದಲ್ಲೂ ಆರ್ತತೆ ಏನೂ ಕಡಿಮೆಯಿಲ್ಲ.

ಸೋಲೊಪ್ಪದ ಅಳಿಯ ತನ್ನ ಅಸ್ತ್ರ ತೆಗೆದ. "ಸರ್, 1976ರಲ್ಲಿ ಈಗಲ್ಸ್ ಅಂತ ಒಂದು ಬ್ಯಾಂಡು 'ಹೋಟೆಲ್ ಕ್ಯಾಲಿಫೋರ್ನಿಯಾ' ಅಂತ ಹಾಡ್ತು. ಅದು ಹುಚ್ಚಾಸ್ಪತ್ರೆ ಅಂತಾರೆ, ಸೈತಾನನ ಗುಡಿ ಅಂತಾರೆ, ಮಾದಕವಸ್ತು ಅಂತಾರೆ. ನೀವೇನಂತೀರಿ?"

"ಕಥೆ ಏನು?"

"ಪ್ರಯಾಣಿಕ ಒಬ್ಬ ಸುಸ್ತಾಗಿ ಬರ್ತಾನೆ. ಬಾಗಿಲಲ್ಲಿ ಹೆಂಗಸು ದೀಪ ಹಿಡಿದು ಒಳಗೆ ಕರೀತಾಳೆ. ಉಪಚಾರ ಜೋರು. ಆಮೇಲೆ ಹೊರಗೆ ಹೋಗೋಕೇ ಆಗಲ್ಲ."

ಮೇಷ್ಟ್ರು ಕಣ್ಣು ಮುಚ್ಚಿದರು. "ಸಂಸಾರ. ಶುದ್ಧ ಸಂಸಾರ ಕಣಯ್ಯ. ಪ್ರಯಾಣಿಕ ಜೀವ, ಹೆಂಗಸು ಮಾಯೆ."

"ಅಲ್ಲ ಮೇಷ್ಟ್ರೇ," ಅಂದೆ ನಾನು. "ಇದು ಮನೆ ಅಳಿಯತನ. ಬಾಗಿಲಲ್ಲಿ ಆರತಿ ಹಿಡಿದವರು ಅತ್ತೆ. ಉಪಚಾರ ಮೊದಲನೇ ತಿಂಗಳದ್ದು."

ಹಾಡು ಬರೆದವರಲ್ಲೊಬ್ಬರಾದ ಡಾನ್ ಹೆನ್ಲಿ, ಅದು ಮುಗ್ಧತೆಯಿಂದ ಅನುಭವದ ಕಡೆಗಿನ ಪ್ರಯಾಣ ಅಂತ ಹೇಳಿದ್ದಾರಂತೆ. ನನ್ನ ಅರ್ಥಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇಷ್ಟಕ್ಕೂ ನಾನೇನು ರಾಕ್ ಸಂಗೀತಕ್ಕೆ ಹೊಸಬನಲ್ಲ. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಮೈಸೂರಿನಿಂದ ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸೊಡಿ'ಯ ಕ್ಯಾಸೆಟ್ ತಂದಿದ್ದ. ಒಂದು ಟೇಪ್ ರೆಕಾರ್ಡರಿನ ಮುಂದೆ ಇನ್ನೊಂದಿಟ್ಟು ಇಳಿಸಿಕೊಂಡದ್ದು. ನಡುವೆ ಅವರ ಮನೆಯ ಕುಕ್ಕರ್ ಎರಡು ಸಲ ಕೂಗಿದ್ದೂ ಅದರಲ್ಲಿ ದಾಖಲಾಗಿತ್ತು. ಕುಕ್ಕರ್ ಕೂಗಿದ ಸ್ವಲ್ಪ ಹೊತ್ತಿಗೇ ಕೋರಸ್ಸಿನವರು 'ಬಿಸಿಬೇಳೆ, ಬಿಸಿಬೇಳೆ' ಅಂತ ಒಕ್ಕೊರಲಿನಿಂದ ಕೂಗುತ್ತಿದ್ದರು. ಇದರಲ್ಲಿ ಅರ್ಥವಾಗದ್ದು ಏನಿದೆ? ಫ್ರೆಡ್ಡಿ ಮರ್ಕ್ಯುರಿ ಪಾರ್ಸಿಯವನು, ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು ಅಂತ ಗೊತ್ತಾದ ಮೇಲಂತೂ ನನ್ನ ವಾದಕ್ಕೆ ಬಲ ಬಂತು: ಅಲ್ಲಿ ಯಾರೋ ಕನ್ನಡದ ಅಡುಗೆಯವರಿದ್ದಿರಬೇಕು! ಅದು 'ಬಿಸ್ಮಿಲ್ಲಾ' ಅಂತ ತಿಳಿಯುವಷ್ಟರಲ್ಲಿ ನನಗೆ ಎರಡು ಮಕ್ಕಳಾಗಿದ್ದವು. 1975ರ ಆ ಹಾಡನ್ನು ಈಗ ಸ್ವಚ್ಛವಾಗಿ ಕೇಳಿದರೆ ಕುಕ್ಕರ್ ಇಲ್ಲದೆ ಏನೋ ಕೊರತೆ ಅನ್ನಿಸುತ್ತದೆ.

ಅಳಿಯ ನಕ್ಕು ಲೆನನ್ ಕಥೆ ತೆಗೆದ. ಜಾನ್ ಲೆನನ್ ಓದಿದ್ದ ಲಿವರ್‌ಪೂಲಿನ ಶಾಲೆಯಿಂದ ಹುಡುಗನೊಬ್ಬ ಪತ್ರ ಬರೆದನಂತೆ, ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಬೀಟಲ್ಸ್ ಹಾಡಿಗೆ ಅರ್ಥ ಬಿಡಿಸುತ್ತಿದ್ದಾರೆ ಅಂತ. ಲೆನನ್‌ಗೆ ತಮಾಷೆ ಅನ್ನಿಸಿ, ಬಿಡಿಸಿ ನೋಡೋಣ ಅಂತ ಬೇಕೆಂದೇ ತಲೆಬುಡವಿಲ್ಲದ ಹಾಡೊಂದನ್ನು ಕಟ್ಟಿದ. 1967ರ 'ಐ ಆಮ್ ದ ವಾಲ್ರಸ್' ಅದೇ.

ಮೇಷ್ಟ್ರು ಟವಲ್ಲು ಕೊಡವಿ ನೆಟ್ಟಗೆ ಕೂತರು. "ಇದನ್ನ ನಮ್ಮ ಕನಕದಾಸರು ಆಗಲೇ ಮಾಡಿದ್ದಾರೆ. ಮುಂಡಿಗೆ ಅಂತಾರೆ. ಮೇಲೆ ನೋಡಿದರೆ ಒಗಟು, ಬಿಡಿಸಿದರೆ ತತ್ತ್ವ. ಕನಕರ ಗುರು ವ್ಯಾಸರಾಯರು ಹುಟ್ಟಿದ್ದೆಲ್ಲಿ? ನಮ್ಮ ಬನ್ನೂರು! ಅವರ ಮಠ? ನಮ್ಮ ಸೋಸಲೆ! ಎರಡೂ ನರಸೀಪುರ ತಾಲ್ಲೂಕು!"

ಹೀಗೆ ರಾಕ್ ಸಂಗೀತದ ಮೂಲ ನರಸೀಪುರ ತಾಲ್ಲೂಕಿಗೆ ಬಂದು ನಿಂತಿತು. ಇನ್ನೈದು ನಿಮಿಷ ಬಿಟ್ಟಿದ್ದರೆ ಲೆನನ್‌ಗೆ ಸೋಸಲೆಯಲ್ಲಿ ಮುದ್ರಾಧಾರಣೆಯೂ ಆಗುತ್ತಿತ್ತು.

"ಕನಕದಾಸರು ಬೀಗ ಮಾಡಿ ಬೀಗದಕೈನೂ ಮಾಡಿಟ್ರು ಸರ್," ಅಂದ ಅಳಿಯ. "ಲೆನನ್ ಬರೀ ಬೀಗ ಮಾಡಿ ಹೋದ." ಮಾತು ಚೆನ್ನಾಗಿತ್ತು. ಆದರೆ ಬೀಗದಕೈ ಇಲ್ಲ ಅಂತ ನಮ್ಮವರು ಎಂದಾದರೂ ಸುಮ್ಮನಿದ್ದಾರೆಯೇ? ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕೆ ಬರೆದವರು ಒಬ್ಬರೇ ಇಬ್ಬರೇ? ಕರಾವಳಿಯ ತಾಳಮದ್ದಲೆಯಲ್ಲಂತೂ ಅದಕ್ಕೇ ಒಂದು ಹುದ್ದೆ ಇದೆ. ಭಾಗವತರು ಒಂದು ಪದ ಹಾಡಿ ನಿಲ್ಲಿಸಿದರೆ ಅರ್ಥಧಾರಿ ಅರ್ಧ ಗಂಟೆ ಅರ್ಥ ಹೇಳುತ್ತಾನೆ. ನಮ್ಮ ಟೀ ಅಂಗಡಿಯಲ್ಲಿ ಸ್ಪೀಕರು ಭಾಗವತ, ಮಿಕ್ಕವರೆಲ್ಲ ಅರ್ಥಧಾರಿಗಳು. ಪದ ಯಾವುದಾದರೇನು, ಅರ್ಥ ಹೇಳುವವನು ತನ್ನ ಮನೆ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ಹಾಸ್ಟೆಲ್ಲಿನವನಿಗೆ ಹೊಗೆ, ಮನೆ ಕಟ್ಟಿದವನಿಗೆ ಕಂಟ್ರಾಕ್ಟರು, ಮೇಷ್ಟ್ರಿಗೆ ಮೋಕ್ಷ, ಹಸಿದವನಿಗೆ ಬಿಸಿಬೇಳೆ. ಬರೆದವನು ಎರಡು ನದಿ ಕೊಟ್ಟಿರುತ್ತಾನೆ, ಮೂರನೆಯದನ್ನು ಕೇಳುವವನು ಮನೆಯಿಂದ ತಂಬಿಗೆಯಲ್ಲಿ ತಂದು ಸುರಿಯುತ್ತಾನೆ.

"ಬರೆದವರನ್ನೇ ಕೇಳಿಬಿಡಬೇಕು," ಅಂದರು ಮೇಷ್ಟ್ರು ಸ್ವಲ್ಪ ಮೆತ್ತಗಾಗಿ.

"ಕೇಳಿದ್ರು ಸರ್. ಡಾನ್ ಮೆಕ್ಲೀನ್ ಅಂತ ಒಬ್ಬ, 1971ರಲ್ಲಿ 'ಅಮೆರಿಕನ್ ಪೈ' ಅಂತ ಎಂಟೂವರೆ ನಿಮಿಷದ ಹಾಡು ಮಾಡಿದ. ಅರ್ಥ ಏನಪ್ಪ ಅಂದ್ರೆ, ಇನ್ಮೇಲೆ ನಾನು ದುಡಿಯೋ ಹಾಗಿಲ್ಲ ಅನ್ನೋದೇ ಅದರ ಅರ್ಥ ಅಂದನಂತೆ. 2015ರಲ್ಲಿ ಅದರ ಕೈಬರಹದ ಹಾಳೆಗಳು 12 ಲಕ್ಷ ಡಾಲರಿಗೆ ಹರಾಜಾದವು."

ಮೇಷ್ಟ್ರ ಮುಖ ಅರಳಿತು. "ನೋಡಿದೆಯಾ! ಧರ್ಮ, ಅರ್ಥ, ಕಾಮ, ಮೋಕ್ಷ. ಅರ್ಥ ಅಂದ್ರೆ ದುಡ್ಡೂ ಹೌದು. ಆ ಪುಣ್ಯಾತ್ಮನಿಗೆ ಕನ್ನಡ ಬರದೇ ಇದ್ರೂ ಶ್ಲೇಷೆ ಬರುತ್ತೆ!"

ಇಷ್ಟರಲ್ಲಿ ಗುಡುಗುಡಿ ಪದ ಮತ್ತೆ ಶುರುವಾಯಿತು. ನನಗೂ ಕುತೂಹಲ ತಡೆಯಲಿಲ್ಲ. "ಅಲ್ಲಯ್ಯ, ದಿನಾ ಇದನ್ನೇ ಹಾಕ್ತೀಯಲ್ಲ, ನಿನಗೇನು ಅರ್ಥ ಆಯ್ತು ಇದರಲ್ಲಿ?" ಅಂತ ಅಂಗಡಿಯವನನ್ನು ಕೇಳಿದೆ.

"ಅರ್ಥ ಗಿರ್ಥ ಏನೂ ಇಲ್ಲ ಸಾ. ಹಾಲು ಇಟ್ಟು ಹಾಡು ಹಾಕ್ತೀನಿ. ಹಾಡು ಮುಗಿಯಕ್ಕೂ ಹಾಲು ಉಕ್ಕಕ್ಕೂ ಸರ್ಯಾಗಿರ್ತದೆ."

ಮೇಷ್ಟ್ರು ಬಿಡುತ್ತಾರೆಯೇ? "ಆಹಾ! ಹಾಲು ಅಂದರೆ ಚಿತ್ತ. ಒಲೆ ಅಂದರೆ..." ಅಂತ ಶುರು ಮಾಡಿದರು. ಅಂಗಡಿಯವನು ಒಲೆ ಬಿಟ್ಟು, ಬಾಯಿ ಬಿಟ್ಟು ಕೇಳುತ್ತ ನಿಂತ. ಹಾಲು ಉಕ್ಕಿ ಒಲೆಯ ಮೇಲೆ ಚೊರ್ ಅಂದಿತು.

ಅವನು ಬಟ್ಟೆಯಲ್ಲಿ ಒರೆಸುತ್ತ, ಬಹಳ ವಿನಯದಿಂದ ಕೇಳಿದ: "ಮೇಷ್ಟ್ರೇ, ಅರ್ಥ ಅಂದ್ರೆ ದುಡ್ಡು ಅಂದ್ರಲ್ಲಾ? ಏಳು ಟೀ, ಉಕ್ಕಿದ್ದು ಅರ್ಧ ಲೀಟರ್ ಹಾಲು. ಇದರ ಅರ್ಥ ಯಾರು ಹೇಳ್ತೀರಿ?"

ಅಳಿಯ ಗಿಟಾರಿನ ತಂತಿ ಬಿಗಿ ಮಾಡತೊಡಗಿದ. ಮೇಷ್ಟ್ರು ಹೊಳೆಯೊಳಗಿನ ಹದಿನಾರು ಕಾಲು ಮಂಟಪವನ್ನು, ಕಾಲುಗಳನ್ನು ಎಣಿಸುವವರ ಹಾಗೆ ನೋಡುತ್ತ ಕೂತರು. ಗುಪ್ತಗಾಮಿನಿಯಂತೆ ಇದ್ದ ನನ್ನ ಪರ್ಸು ಹೊರಗೆ ಬರಬೇಕಾಯಿತು.