ಪುಟ್ಟೇನಹಳ್ಳಿ ಪ್ಯಾಡ್ ಮೀಮಾಂಸೆ

ಉಪೋದ್ಘಾತ

ಓಟದ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಸಾಹಿತ್ಯವಿದೆ, ನಿಲುಗಡೆಯ ಬಗ್ಗೆ ಇಲ್ಲ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ ಬೀಳುತ್ತದೆ, ಸ್ಟಿಯರಿಂಗಿಗೆ ಕುಂಕುಮ ಸಿಗುತ್ತದೆ, ಟೈರುಗಳ ಕೆಳಗೆ ನಿಂಬೆಹಣ್ಣು ಕೂರುತ್ತದೆ. ಆ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿದ ಮೇಲೆ ಎದುರಿನ ಕಾಂಪೌಂಡ್ ಗೋಡೆಗೆ ಗುದ್ದದಂತೆ ಕಾರನ್ನು ನಿಲ್ಲಿಸುವ ಬ್ರೇಕಿಗೆ ಮಾತ್ರ ಒಂದು ಎಸಳು ಸೇವಂತಿಗೆಯೂ ಇಲ್ಲ. ಈ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸುವ ಘನ ಉದ್ದೇಶದಿಂದ ಪ್ರಸ್ತುತ ಸಂಪ್ರಬಂಧವನ್ನು ವಿದ್ವಜ್ಜನರ ಮುಂದೆ ಇಡಲಾಗಿದೆ.

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಮತ. ವಿಷಯ: ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಪ್ಯಾಡನ್ನು ಮನೆಯಲ್ಲೇ ಬದಲಿಸುವುದು. ಪ್ರಯೋಜನ: ಮುಂದಿರುವ ಬಿಎಂಟಿಸಿ ಬಸ್ಸಿನ ಹಿಂಬದಿಯನ್ನು ಅತಿ ಸಮೀಪದಿಂದ ನೋಡದಿರುವುದು. ಸಂಬಂಧ: ಪೆಡಲಿಗೂ ಪ್ರಾಣಕ್ಕೂ ಇರುವಂಥದು. ಅಧಿಕಾರಿ, ಅಂದರೆ ಈ ಕೆಲಸಕ್ಕೆ ಯೋಗ್ಯನಾದವನು ಯಾರು ಎಂಬುದನ್ನು ಮುಂದೆ ವಿಚಾರಿಸಲಾಗುವುದು. ಪ್ರತಿಜ್ಞೆ ಒಂದೇ: ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರಿನ ಪೌರುಷವೆಲ್ಲ ಅದು ನಿಲ್ಲುವುದರಲ್ಲಿದೆ.

ಸ್ಥಳನಿರ್ಣಯ

ಪುಟ್ಟೇನಹಳ್ಳಿ ಎಲ್ಲಿದೆ ಎಂಬಲ್ಲಿಂದಲೇ ವಿವಾದ ಆರಂಭ. ಊರಿನಲ್ಲಿ ಎರಡು ಪುಟ್ಟೇನಹಳ್ಳಿಗಳಿವೆ, ಎರಡಕ್ಕೂ ಒಂದೊಂದು ಕೆರೆಯಿದೆ. ಉತ್ತರ ಪುಟ್ಟೇನಹಳ್ಳಿ ಯಲಹಂಕದ್ದು. ಅಲ್ಲಿನ ಕೆರೆ ಪಕ್ಷಿಗಳ ಸಂರಕ್ಷಣಾ ಮೀಸಲು. ದಕ್ಷಿಣ ಪುಟ್ಟೇನಹಳ್ಳಿ ಜೆ.ಪಿ. ನಗರ ಏಳನೇ ಹಂತದ್ದು. ಎರಡರ ನಡುವೆ ಇಡೀ ಬೆಂಗಳೂರು, ಅದರ ಎಲ್ಲ ಸಿಗ್ನಲ್‌ಗಳ ಸಮೇತ, ಬಿದ್ದುಕೊಂಡಿದೆ. ಪಿನ್‌ಕೋಡ್ ಬರೆಯದೆ ಪ್ಯಾಡ್ ತರಿಸುವವನ ಪಾರ್ಸೆಲ್ಲು ಯಲಹಂಕದ ಹಕ್ಕಿಗಳಿಗೆ ಸಲ್ಲುವ ಅಪಾಯವಿರುವುದರಿಂದ ಈ ನಿರ್ಣಯ ಅವಶ್ಯ. ನಮ್ಮ ಗ್ರಂಥಕ್ಕೆ ದಕ್ಷಿಣ ಪುಟ್ಟೇನಹಳ್ಳಿಯೇ ಪ್ರಮಾಣ: 24ನೇ ಮೇನಿನ ಗದ್ದಲ, ಅದರ ಮಗ್ಗುಲಲ್ಲಿ ಬಹುಮಹಡಿ ಅಪಾರ್ಟ್‌ಮೆಂಟುಗಳು, ಅವುಗಳ ನಡುವೆ ಸುಮಾರು 13 ಎಕರೆಯ ಕೆರೆ, ಕೆರೆಯಲ್ಲಿ ನೇರಳೆ ಜಂಬುಕೋಳಿಗಳು.

ವಾಹನಲಕ್ಷಣ

ಸ್ಪೋರ್ಟ್ಸ್ ಕಾರ್ ಎಂದರೇನು? ನೈಯಾಯಿಕರು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದ್ದಾರೆ. ನಮ್ಮವರು ಮೂರನ್ನೂ ಸಂಪಾದಿಸಿದ್ದಾರೆ. ‘ಎರಡೇ ಸೀಟು ಇರುವುದು ಸ್ಪೋರ್ಟ್ಸ್ ಕಾರ್’ ಎಂಬುದು ಮೊದಲ ಲಕ್ಷಣ. ಬೆಂಗಳೂರಿನ ಸ್ಯಾನ್ ಕಂಪನಿಯವರ ಫೈಬರ್ ಮೈಯ ‘ಸ್ಯಾನ್ ಸ್ಟಾರ್ಮ್’ ಇದಕ್ಕೆ ಹೊಂದುತ್ತದೆ, ಸರಿ. ಆದರೆ ಕೋಸುಗಡ್ಡೆ ಹೊರುವ ಟಾಟಾ ಏಸ್ ಕೂಡ ಹೊಂದುತ್ತದೆಯಾದ್ದರಿಂದ ಅತಿವ್ಯಾಪ್ತಿ. ‘ಟಾಪ್ ಬಿಚ್ಚಿಕೊಳ್ಳುವುದು’ ಎಂಬುದು ಎರಡನೆಯದು. ಟಾಪ್ ಬಿಚ್ಚದ ಎಷ್ಟೋ ಪೋರ್ಶೆಗಳು ಇದರಿಂದ ಹೊರಗುಳಿಯುವುದರಿಂದ ಅವ್ಯಾಪ್ತಿ. ‘ಅತಿ ವೇಗವಾಗಿ ಹೋಗುವುದು’ ಎಂಬುದು ಮೂರನೆಯದು. ಸಂಜೆ ಆರರ ಸಾರಕ್ಕಿ ಸಿಗ್ನಲ್ಲಿನಲ್ಲಿ ಇದು ಯಾವ ಕಾರಿಗೂ ಅನ್ವಯಿಸದಿರುವುದರಿಂದ ಅಸಂಭವ.

ಸಿದ್ಧಾಂತ ಹೀಗೆ: ಯಾವ ಕಾರಿನ ಯಜಮಾನ ‘ಮೈಲೇಜ್ ಎಷ್ಟು ಕೊಡುತ್ತೆ’ ಎಂದು ಕೇಳಿದ ಕೂಡಲೇ ಮಾತು ಬದಲಿಸುತ್ತಾನೋ ಅದು ಸ್ಪೋರ್ಟ್ಸ್ ಕಾರ್. ಈ ಲಕ್ಷಣದಂತೆ ನಮ್ಮ ಪ್ರಸ್ತುತ ವಾಹನ, 2001ರಲ್ಲಿ ಸಚಿನ್ ತೆಂಡೂಲ್ಕರ್ ಜಾಹೀರಾತಿನೊಡನೆ ಭಾರತಕ್ಕೆ ಬಂದ ಫಿಯೆಟ್ ಪಾಲಿಯೊದ 1.6 ಲೀಟರ್ ಮಾದರಿ, ನಿಸ್ಸಂದೇಹವಾಗಿ ಸ್ಪೋರ್ಟ್ಸ್ ಕಾರೇ. ಅಶ್ವಶಕ್ತಿ 100, ಬಣ್ಣ ಹಳದಿ, ನಂಬರು ಜಯನಗರ ಆರ್‌ಟಿಒ ಕೊಟ್ಟ ಕೆಎ-05. ಖಾಸಗಿ ಕಾರಿನ ನೋಂದಣಿಗೆ ಸರ್ಕಾರ ಕೊಟ್ಟಿರುವ ಆಯುಸ್ಸು 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪುನರ್ಜನ್ಮ. ನಮ್ಮದು ಪುನರ್ಜನ್ಮ ಪಡೆದದ್ದು, ಆದ್ದರಿಂದ ಹಳೆಯದು ಎಂಬ ವಿಶೇಷಣವೂ ಸಾರ್ಥಕ.

ಪೂರ್ವಸೂರಿಗಳು

ಡಿಸ್ಕ್ ಬ್ರೇಕಿನ ಆದ್ಯಪುರುಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್. 1902ರಲ್ಲಿ ಪೇಟೆಂಟ್ ಪಡೆದ. ಲೋಹಕ್ಕೆ ಲೋಹ ಉಜ್ಜಿ ಹೊರಟ ಕಿರಿಚಾಟಕ್ಕೆ ಜನ ಕಿವಿ ಮುಚ್ಚಿಕೊಂಡರು. ಅದೇ ದೇಶದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ‘ಫೆರೊಡೊ’ ಕಂಪನಿ ಕಟ್ಟಿದ. ಡರ್ಬಿಶೈರಿನ ಇಳಿಜಾರುಗಳಲ್ಲಿ ಗಾಡಿ ಹೊಡೆಯುವವರು ಮರದ ಬ್ರೇಕಿಗೆ ಹಳೆಯ ಬೂಟಿನ ತುಂಡು ಬಡಿದುಕೊಂಡಿದ್ದನ್ನು ಕಂಡು ಅವನಿಗೆ ಈ ಉದ್ಯಮ ಹೊಳೆಯಿತೆಂದು ಪ್ರತೀತಿ. ಹಳೆಯ ಚಪ್ಪಲಿಯನ್ನು ಲಾರಿಯ ಹಿಂದೆ ದೃಷ್ಟಿಗೆ ಕಟ್ಟಿ ಸುಮ್ಮನಾದ ನಮ್ಮವರು ಎಂಥ ಅವಕಾಶ ಕಳೆದುಕೊಂಡರೆಂಬುದು ಪ್ರತ್ಯೇಕ ಸಂಶೋಧನೆಗೆ ವಸ್ತು.

ಡಿಸ್ಕಿನ ಮಹಿಮೆ ಲೋಕಕ್ಕೆ ತಿಳಿದದ್ದು 1953ರಲ್ಲಿ. ಫ್ರಾನ್ಸಿನ ಲಮಾನ್ಸ್ ಪಟ್ಟಣದ 24 ಗಂಟೆಗಳ ರೇಸಿನಲ್ಲಿ ಜಾಗ್ವಾರ್ ಸಿ-ಟೈಪ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಗೆದ್ದಿತು. ಉಳಿದವರು ತಿರುವಿಗೆ ಎಷ್ಟೋ ಮೊದಲೇ ಪೆಡಲ್ ಒತ್ತುತ್ತಿದ್ದರೆ ಜಾಗ್ವಾರಿನವರು ಕೊನೆಗಳಿಗೆಯಲ್ಲಿ ಒತ್ತಿದರು. ತಡವಾಗಿ ನಿಲ್ಲಬಲ್ಲವನೇ ಮೊದಲು ತಲುಪುತ್ತಾನೆ. ಇದು ನಮ್ಮ ಪ್ರತಿಜ್ಞೆಗೆ ದೊರೆತ ಫ್ರೆಂಚ್ ಪ್ರಮಾಣ.

ದೇಶೀಯ ಪ್ರಮಾಣಕ್ಕೆ ಲೆಕ್ಕ ಹಾಕೋಣ. ಸಾವಿರ ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಂತಾಗ ಸುಮಾರು 139 ಕಿಲೋಜೌಲ್ ಶಕ್ತಿ ಬಹುಪಾಲು ಬ್ರೇಕಿನಲ್ಲೇ ಬಿಸಿಯಾಗಿ ಇಳಿಯುತ್ತದೆ. ಅಷ್ಟರಲ್ಲಿ ನಾನೂರು ಮಿಲಿಲೀಟರ್ ತಣ್ಣೀರು ಕುದಿಬರುತ್ತದೆ, ಅಂದರೆ ಫಿಲ್ಟರಿಗೆ ಸುರಿದರೆ ಮನೆಮಂದಿಗೆಲ್ಲ ಡಿಕಾಕ್ಷನ್. ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಇನ್ನು ಉಬ್ಬುಗಳ ವಿಷಯ. ರಸ್ತೆಯುಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ವಿಧಿಸಿದೆ. ನಮ್ಮ ಅಡ್ಡರಸ್ತೆಗಳ ಉಬ್ಬುಗಳು ಈ ವಿಧಿಯನ್ನು ಓದಿದಂತೆ ಕಾಣುವುದಿಲ್ಲ. ಹೀಗಾಗಿ ಹಳದಿ ಪಾಲಿಯೊದ ಎಂಜಿನ್ನಿಗೆ ವರ್ಷಕ್ಕೆ ನಾಲ್ಕಾರು ಸಲ ಕನಕಪುರ ರಸ್ತೆಯಲ್ಲಿ ಕೆಲಸ ಸಿಕ್ಕರೆ, ಪ್ಯಾಡಿಗೆ ದಿನವೂ ಓವರ್‌ಟೈಮ್.

ಶಬ್ದಪ್ರಕರಣ

ಶಬ್ದಮಣಿದರ್ಪಣ ಬರೆದ ಕೇಶಿರಾಜನ ಕಾಲ ಹದಿಮೂರನೇ ಶತಮಾನ. ಆಗ ಡಿಸ್ಕ್ ಬ್ರೇಕ್ ಇರಲಿಲ್ಲವಾದ್ದರಿಂದ ಅನುಕರಣ ಶಬ್ದಗಳ ಪಟ್ಟಿಯಲ್ಲಿ ಉಳಿದ ಲೋಪವನ್ನು ಇಲ್ಲಿ ತುಂಬಲಾಗಿದೆ. ‘ಕೀಂಯ್’ ಎಂಬುದು ಪ್ರಥಮಾವಸ್ಥೆ. ಅನೇಕ ಪ್ಯಾಡುಗಳಿಗೆ ತಗಡಿನ ಒಂದು ನಾಲಿಗೆಯಿರುತ್ತದೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ‘ಕರಕರ’ ಎಂಬುದು ದ್ವಿತೀಯಾವಸ್ಥೆ. ಮಸಾಲೆ ಪೂರ್ತಿ ಸವೆದು ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಕೆರೆಯುತ್ತಿದೆ. ಇನ್ನು ಖರ್ಚು ಪ್ಯಾಡಿನದಷ್ಟೇ ಅಲ್ಲ, ಡಿಸ್ಕಿನದೂ ಹೌದು. ‘ದಡದಡ’ ಎಂದು ಪೆಡಲು ಪಾದಕ್ಕೆ ಒದ್ದರೆ ಡಿಸ್ಕ್ ಸಮನಾಗಿ ಉಳಿದಿಲ್ಲ. ಲೇತಿಗೆ ಕೊಡಬೇಕು ಇಲ್ಲವೇ ಹೊಸದು ಹಾಕಬೇಕು. ನಾಲ್ಕನೆಯದು ನಿಶ್ಶಬ್ದ: ಪೆಡಲು ಸದ್ದಿಲ್ಲದೆ ನೆಲಕ್ಕೆ ಹೋಗುವುದು. ಈ ಅವಸ್ಥೆಯಲ್ಲಿ ಕಾರು ಓಡಿಸುವಂತಿಲ್ಲ, ಟೋಯಿಂಗ್ ಗಾಡಿಗೆ ಫೋನ್ ಮಾಡಬೇಕು.

ಹೊಸ ಪ್ಯಾಡಿನ ಮಸಾಲೆ ಸಾಧಾರಣವಾಗಿ ಹತ್ತು ಮಿಲಿಮೀಟರ್ ಆಸುಪಾಸು. ಮೂರಕ್ಕೆ ಇಳಿದರೆ ಶಬ್ದ ಬರಲಿ ಬಿಡಲಿ, ಬದಲಿಸುವುದೇ ವಿಹಿತ.

ಅಧಿಕಾರಿ ಮತ್ತು ಸಾಮಗ್ರಿ

ಸ್ಟೆಪ್ನಿ ಬದಲಿಸಿ ಗೊತ್ತಿರುವವನು, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಳ್ಳುವವನು, ಕೆಲಸದ ನಡುವೆ ಫೋನ್ ಬಂದರೆ ಎತ್ತದವನು ಅಧಿಕಾರಿ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಯ ಕೃಪೆ ಇದ್ದರೆ ಉತ್ತಮಾಧಿಕಾರಿ. ಬೇಸ್‌ಮೆಂಟಿನ ನೆಲಕ್ಕೆ ಎಣ್ಣೆ ಬಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬೀಳುತ್ತದೆಯಾದ್ದರಿಂದ ಹಳೆಯ ಪ್ರಜಾವಾಣಿ ಹಾಸಿಕೊಳ್ಳುವುದು ಶಿಷ್ಟಾಚಾರ.

ಸಾಮಗ್ರಿಯ ತೀರ್ಥಕ್ಷೇತ್ರ ಜೆ.ಸಿ. ರಸ್ತೆ. ಪ್ಯಾಡನ್ನು ಯಾವಾಗಲೂ ಎಡಬಲ ಎರಡೂ ಚಕ್ರಕ್ಕೆ ಒಂದೇ ಸೆಟ್ಟಾಗಿ ಕೊಳ್ಳಬೇಕು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ತನಗೆ ಇಷ್ಟ ಬಂದ ಕಡೆ ಎಳೆಯುತ್ತದೆ. ಫಿಯೆಟ್ ಎಂದ ಕೂಡಲೇ ಅಂಗಡಿಯವರು ಸಂತಾಪ ಸೂಚಿಸುವ ಮುಖ ಮಾಡುತ್ತಾರೆ. ‘ಪಾಲಿಯೊನಾ ಸಾರ್? ಒಂದ್ ಪಾಯಿಂಟ್ ಎರಡಾ, ಆರಾ?’ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ಹಳೆಯ ಪ್ಯಾಡನ್ನೇ ಕೌಂಟರಿನ ಮೇಲಿಟ್ಟು ಅಂಚಿಗೆ ಅಂಚು ಹೊಂದಿಸಿ ನೋಡಬೇಕು. ಇದನ್ನೇ ಶಾಸ್ತ್ರದಲ್ಲಿ ಪ್ರತ್ಯಕ್ಷ ಪ್ರಮಾಣ ಎನ್ನುವುದು.

ಪ್ರಯೋಗಪ್ರಕರಣ

ಸೂತ್ರ 1: ಎತ್ತುವ ಮುನ್ನ ಸಡಿಲಿಸು.
ಭಾಷ್ಯ: ಚಕ್ರದ ಬೋಲ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಬಿಡಿಸಬೇಕು. ಎತ್ತಿದ ಮೇಲೆ ಜಗ್ಗಿದರೆ ಚಕ್ರವೂ ತಿರುಗುತ್ತದೆ, ಕಾರೂ ಅಲುಗುತ್ತದೆ, ನೋಡುವವರೂ ಸೇರುತ್ತಾರೆ.

ಸೂತ್ರ 2: ಜಾಕನ್ನು ನಂಬಬೇಡ.
ಭಾಷ್ಯ: ಕಾರಿನೊಡನೆ ಬರುವ ಜಾಕು ಎತ್ತಲಿಕ್ಕೆ ಮಾತ್ರ, ಹೊತ್ತುಕೊಂಡಿರಲಿಕ್ಕೆ ಅಲ್ಲ. ನೆಲ ಸಮತಟ್ಟಾಗಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗಾಡಿ ಗೇರಿನಲ್ಲಿರಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಚಾಸಿಯ ಕೆಳಗೆ ಸ್ಟ್ಯಾಂಡ್ ಇರಬೇಕು. ಬಿಚ್ಚಿದ ಚಕ್ರವನ್ನೂ ಕಾರಿನಡಿ ಮಲಗಿಸುವುದು ಅಧಿಕಸ್ಯ ಅಧಿಕಂ ಫಲಂ.

ಸೂತ್ರ 3: ಕ್ಯಾಲಿಪರ್ ತೂಗಾಡದಿರಲಿ.
ಭಾಷ್ಯ: ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿಗೆ ಜೋತುಬಿಟ್ಟರೆ ಹೋಸಿನ ಒಳಗೆ ಗಾಯವಾಗುತ್ತದೆ, ಹೊರಗೆ ಕಾಣುವುದಿಲ್ಲ. ತಂತಿಯಿಂದ ಸಸ್ಪೆನ್ಷನ್ನಿಗೆ ಕಟ್ಟಿಡಬೇಕು.

ಸೂತ್ರ 4: ಪುಡಿಯನ್ನು ಊದಬೇಡ, ತೊಳೆಯಲೂ ಬೇಡ.
ಭಾಷ್ಯ: ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇದ್ದಿರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಿನಲ್ಲಿ ಕಟ್ಟಿ ಬಿಸಾಡಬೇಕು. ಪೈಪ್ ಹಿಡಿದು ತೊಳೆದರೆ ಪುಡಿ ಚರಂಡಿಗೆ, ಅಲ್ಲಿಂದ ಕೆರೆಗೆ. ಪ್ಯಾಡಿನ ತಾಮ್ರ ನೀರಿನ ಜೀವಿಗಳಿಗೆ ವಿಷವೆಂದು ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿ ಅದಕ್ಕೆ ಮಿತಿ ಹೇರಿದವು. ಅದೇ 2010ರಲ್ಲಿ ಪುಟ್ಟೇನಹಳ್ಳಿಯ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು ತಮ್ಮ ಕೆರೆಯನ್ನು ಉಳಿಸಲು ಇಳಿದರು. ಎರಡು ಖಂಡಗಳಲ್ಲಿ ಏಕಕಾಲಕ್ಕೆ ಉದಿಸಿದ ಈ ವಿವೇಕವನ್ನು ಕಾಕತಾಳೀಯವೆಂದು ತಳ್ಳಿಹಾಕುವವರು ಜಂಬುಕೋಳಿಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಸೂತ್ರ 5: ಮುಚ್ಚಳ ತೆರೆದು ಪಿಸ್ಟನ್ ಒತ್ತು.
ಭಾಷ್ಯ: ಹೊಸ ಪ್ಯಾಡ್ ದಪ್ಪ, ಜಾಗ ಮಾಡಲು ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಕ್ಕೆ ತಳ್ಳಬೇಕು. ಆಗ ಬಾನೆಟ್ಟಿನಡಿ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಡಾಟ್ 4 ಆಯಿಲ್ ಹಳದಿ ಪೇಂಟಿನ ಮೇಲೆ ಚೆಲ್ಲಿದರೆ ಪೇಂಟನ್ನು ತಿನ್ನುತ್ತದೆ. ಉಕ್ಕುವ ಮುನ್ನ ಸಿರಿಂಜಿನಿಂದ ತೆಗೆಯಬೇಕು. ಅದು ಗಾಳಿಯ ತೇವವನ್ನೂ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದ ಆಯಿಲ್ಲು ತೇವ ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಾವಣೆ.

ಸೂತ್ರ 6: ಉಜ್ಜುವ ಮುಖಕ್ಕೆ ಜಿಡ್ಡಿಲ್ಲ.
ಭಾಷ್ಯ: ಕ್ಯಾಲಿಪರ್ ಜಾರುವ ಪಿನ್ನಿಗೆ ಅದರದೇ ಗ್ರೀಸು ತುಸು. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಎಣ್ಣೆಗೈಯೂ ತಾಗಬಾರದು, ಆಯುಧಪೂಜೆಯ ಕುಂಕುಮವೂ ತಾಗಬಾರದು.

ಸೂತ್ರ 7: ತೂತಿಗೆ ತೂತು ಕಾಣಿಸು.
ಭಾಷ್ಯ: ಫಿಯೆಟ್ಟಿನ ಹಬ್ಬಿನಲ್ಲಿ ಚಕ್ರವನ್ನು ನೇತುಹಾಕಲು ಸ್ಟಡ್ ಇಲ್ಲ, ಬೋಲ್ಟನ್ನೇ ಹೊರಗಿನಿಂದ ತಿರುಗಿಸಬೇಕು. ಕುಕ್ಕರಗಾಲಿನಲ್ಲಿ ಕೂತು, ಪಾದದ ತುದಿಯಿಂದ ಚಕ್ರವನ್ನು ಎತ್ತಿಹಿಡಿದು, ಒಂದು ಕಣ್ಣು ಮುಚ್ಚಿ ತೂತು ಹುಡುಕುವ ಈ ಆಸನ ಯೋಗಶಾಸ್ತ್ರದಲ್ಲಿ ಇನ್ನೂ ಸೇರಿಲ್ಲ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಸಿ, ಕಾರು ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಬೇಕು.

ಪೂರ್ವಪಕ್ಷ ನಿರಾಕರಣೆ

ಈ ಪ್ರಯೋಗಕ್ಕೆ ಪುಟ್ಟೇನಹಳ್ಳಿಯಲ್ಲಿ ನಾಲ್ಕು ಪಂಥಗಳ ಆಕ್ಷೇಪವಿದೆ. ನಿವೃತ್ತ ಎಂಜಿನಿಯರ್ ಪಂಥ ಕೈ ಹಿಂದೆ ಕಟ್ಟಿಕೊಂಡು ನಿಂತು ‘ಯಾಕ್ರೀ, ಸರ್ವಿಸ್ ಸೆಂಟರಿಗೆ ಕೊಡಬಾರದಾ?’ ಎನ್ನುತ್ತದೆ. ಉತ್ತರ: ಫಿಯೆಟ್ಟಿನವರು ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿ ವರ್ಷಗಳಾದವು, ಯಾವ ಸೆಂಟರಿಗೆ ಕೊಡುವುದು? ಬಾಲಪಂಥ ‘ಅಂಕಲ್, ಇದು ಎಷ್ಟು ಸ್ಪೀಡ್ ಹೋಗುತ್ತೆ?’ ಎಂದು ಕೇಳುತ್ತದೆ. ಉತ್ತರ: ಸದ್ಯಕ್ಕೆ ಸೊನ್ನೆ. ಮಾತೃಪಂಥ ಬಾಲ್ಕನಿಯಿಂದ ‘ಸಾರು ಆರೋಗ್ತಿದೆ, ಕೈ ತೊಳ್ಕೊಂಡು ಬಾರೋ’ ಎಂದು ಕೂಗುತ್ತದೆ. ಇದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ವಾಚ್‌ಮನ್ ಪಂಥ ಮಾತ್ರ ಏನನ್ನೂ ಆಕ್ಷೇಪಿಸದೆ ‘ಸಾರ್, ಇನ್ನೊಂದ್ ಕಲ್ಲು ಕೊಡ್ಲಾ?’ ಎನ್ನುತ್ತದೆ. ನಾಲ್ಕರಲ್ಲಿ ಎರಡನೇ ಸೂತ್ರವನ್ನು ಓದದೆಯೇ ಬಲ್ಲ ಪಂಥ ಇದೊಂದೇ.

ಹೊಸ ಪ್ಯಾಡನ್ನು ಹದಕ್ಕೆ ತರಬೇಕೆಂಬುದು ಎಲ್ಲರೂ ಒಪ್ಪುವ ಮಾತು: ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಹಿತವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಕೆಲವು ಸಲ ಪುನರಾವರ್ತಿಸಬೇಕು. ಖಾಲಿ ರಸ್ತೆ ಎಂಬ ಪದಾರ್ಥ ಜೆ.ಪಿ. ನಗರದಲ್ಲಿ ಭಾನುವಾರ ಬೆಳಗಿನ ಜಾವ ಮಾತ್ರ ಲಭ್ಯ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಮೆಕ್ಯಾನಿಕ್ಕಿನ ಕೂಲಿ ಉಳಿಯುತ್ತದೆ. ಅರ್ಧ ಓದಿ ಎದ್ದು ಜಾಕ್ ಹಿಡಿದವರಿಗೆ ಅದು ದುಪ್ಪಟ್ಟಾಗುತ್ತದೆ. ಕೆಲಸ ಮುಗಿದ ಮೇಲೂ ಪೆಡಲು ಸ್ಪಂಜಿನಂತೆ ಒಳಗೆ ಹೋದರೆ ಪೈಪಿನಲ್ಲಿ ಗಾಳಿ ಸೇರಿದೆ. ಅಲ್ಲಿಗೆ ಪಾಂಡಿತ್ಯ ಸಾಕು, ಬ್ರೇಕ್ ಕೆಲಸ ಬಲ್ಲವರನ್ನು ಮನೆಗೇ ಕರೆಸಿ. ಇಷ್ಟೆಲ್ಲ ಮರೆತರೂ ಒಂದನ್ನು ಮರೆಯಬೇಡಿ: ಒಳಕ್ಕೆ ತಳ್ಳಿದ ಪಿಸ್ಟನ್ ಹೊಸ ಪ್ಯಾಡನ್ನು ಇನ್ನೂ ಮುಟ್ಟಿರುವುದಿಲ್ಲ, ಆದ್ದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ. ಗಾಡಿ ಒಂದಂಗುಲ ಅಲುಗುವ ಮುನ್ನ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ಒತ್ತಿ, ಡಬ್ಬಿಯ ಆಯಿಲ್ ಮಟ್ಟ ನೋಡಿ ಮುಚ್ಚಳ ಹಾಕಿ, ಆಮೇಲೆ ಗೇಟು ತೆಗೆಸಿ.